ನಕಾಶೆಯ ಭಾಷೆ ಸೈಕಲ್ಲಿನವನಿಗೂ ಗೊತ್ತಿರಲಿ

ಯಾವ ರಸ್ತೆಯಾದರೂ ನೆಲದ ಮೇಲೆ ಹುಟ್ಟುವ ಮೊದಲು ಕಾಗದದ ಮೇಲೆ ಹುಟ್ಟುತ್ತದೆ. ವಾಹನಗಳ ಎಣಿಕೆ ನಡೆಯುತ್ತದೆ, ಅಂದಾಜುಪಟ್ಟಿ ತಯಾರಾಗುತ್ತದೆ, ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ ಎಂಬ ದಪ್ಪ ಕಡತಕ್ಕೆ ಮಂಜೂರಾತಿ ಸಿಗುತ್ತದೆ, ಟೆಂಡರ್ ಆಗುತ್ತದೆ. ಕೊನೆಗೆ ಜೆಸಿಬಿ ಬರುತ್ತದೆ. ಜನ ಪ್ರಶ್ನೆ ಕೇಳಲು ಶುರು ಮಾಡುವುದು ಜೆಸಿಬಿ ಬಂದ ದಿನ. ಲಾರಿಗೆಷ್ಟು, ಕಾರಿಗೆಷ್ಟು, ಸೈಕಲ್ಲಿಗೆಷ್ಟು ಜಾಗ ಎಂಬುದು ಅಷ್ಟರಲ್ಲಿ ಇತ್ಯರ್ಥವಾಗಿ ಹೋಗಿರುತ್ತದೆ. ಆ ಕಡತ ಇಂಗ್ಲಿಷಿನಲ್ಲಿರುತ್ತದೆ, ಜೊತೆಗೆ ಎಂಜಿನಿಯರುಗಳ ಪರಿಭಾಷೆಯಲ್ಲಿರುತ್ತದೆ. ಹಾಗಾಗಿ ಓದಬೇಕಾದವರು ಅದನ್ನು ಓದುವುದಿಲ್ಲ. ಈ ಪರಿಭಾಷೆ ಅಂಥ ಕಬ್ಬಿಣದ ಕಡಲೆಯಲ್ಲ. ಹತ್ತು ಹನ್ನೆರಡು ಪದಗಳ ಅರ್ಥ ತಿಳಿದರೆ ಸಾಕು, ರಸ್ತೆ ಯಾರಿಗಾಗಿ ಆಗುತ್ತಿದೆ ಎಂದು ಯಾರಾದರೂ ಹೇಳಬಹುದು.

ಬೀದರ್ ಪಟ್ಟಣದ ಪಶ್ಚಿಮದಂಚಿನ ನೌಬಾದಕ್ಕೆ ಈ ಮಾತು ಹೆಚ್ಚು ಸಲ್ಲುತ್ತದೆ. ಭಾಲ್ಕಿ ಕಡೆಯ ಬಸ್ಸು, ಕೊಳಾರ ಕೈಗಾರಿಕಾ ಪ್ರದೇಶದ ಲಾರಿ, ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್ ಇವೆಲ್ಲದರ ಪಕ್ಕದಲ್ಲೇ ಬುತ್ತಿ ಕಟ್ಟಿಕೊಂಡ ಗೌಂಡಿ, ಗಾಂಧಿಗಂಜಿನ ಹಮಾಲ, ರಾತ್ರಿಪಾಳಿ ಮುಗಿಸಿದ ಕಾವಲುಗಾರ, ಪೇಪರ್ ಹಾಕುವ ಹುಡುಗ ಸೈಕಲ್ ತುಳಿಯುತ್ತಾರೆ. ಬೀದರ್ ಕೂತಿರುವುದು ಸಮುದ್ರಮಟ್ಟದಿಂದ 2,200 ಅಡಿಗೂ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮಾಂಜ್ರಾ ಕಣಿವೆಯತ್ತ ಇಳಿಯುವ ಅಂಚೊಂದನ್ನು ಬಿಟ್ಟರೆ ಊರು ಹೆಚ್ಚೂಕಡಿಮೆ ಸಪಾಟು. ಹಳೇ ಊರಿನ ಚೌಬಾರಾ ಗೋಪುರದಿಂದ ನೌಬಾದಕ್ಕೆ ಐದಾರು ಕಿಲೋಮೀಟರಿನೊಳಗಿನ ದಾರಿ. ಗಂಟೆಗೆ 15 ಕಿಲೋಮೀಟರಿನಂತೆ ತುಳಿದರೆ ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಮುಟ್ಟಬಹುದು. ಸೈಕಲ್ಲಿಗೆ ಇಷ್ಟು ಹೊಂದುವ ಊರಿನಲ್ಲಿ ಸೈಕಲ್ಲಿನ ಸವಾರ ರಸ್ತೆಯಂಚಿನ ಮಣ್ಣಿಗೆ ಇಳಿದಿದ್ದಾನೆ. ಇದರ ಕಾರಣ ಹುಡುಕಲು ಮೊದಲು ಎಣಿಕೆಯ ಹಾಳೆಯನ್ನು ನೋಡಬೇಕು.

ಕಾರಿನ ಮಾಪ

ರಸ್ತೆ ಎಂಜಿನಿಯರ್ ವಾಹನಗಳನ್ನು ಎಣಿಸಿ ಅಲ್ಲಿಗೇ ಬಿಡುವುದಿಲ್ಲ. ಎಲ್ಲವನ್ನೂ ಪಿಸಿಯು, ಅಂದರೆ ಕಾರಿನ ಮಾಪಕ್ಕೆ ಪರಿವರ್ತಿಸುತ್ತಾನೆ. ಒಂದು ಕಾರು ಅಂದರೆ ಒಂದು ಪಿಸಿಯು. ಭಾರತೀಯ ರೋಡ್ ಕಾಂಗ್ರೆಸ್, ಅಂದರೆ ಐಆರ್‌ಸಿ, ಗ್ರಾಮಾಂತರ ರಸ್ತೆಗಳಿಗಾಗಿ 1990ರಲ್ಲಿ ಹೊರಡಿಸಿದ 64ನೇ ಸಂಹಿತೆಯ ಪ್ರಕಾರ ಸೈಕಲ್ಲಿಗೂ ಬೈಕಿಗೂ ಅರ್ಧರ್ಧ, ಬಸ್ಸಿಗೂ ಲಾರಿಗೂ ಮೂರು, ಟ್ರೇಲರ್ ಹೂಡಿದ ಟ್ರ್ಯಾಕ್ಟರಿಗೆ ನಾಲ್ಕೂವರೆ, ದೊಡ್ಡ ಎತ್ತಿನ ಗಾಡಿಗೆ ಎಂಟು. ಒಂದು ಎತ್ತಿನ ಗಾಡಿ ಎಂಟು ಕಾರಿಗೆ ಸಮ! ಐವತ್ತು ಜನರನ್ನು ಹೊತ್ತ ಬಸ್ಸು ಮೂರೇ ಕಾರಿಗೆ ಸಮ.

ಈ ಮಾಪ ಸುಳ್ಳಲ್ಲ, ಆದರೆ ಅದು ಅಳೆಯುವುದು ಜನರನ್ನಲ್ಲ. ಮೋಟಾರು ಓಡುವ ರಸ್ತೆಯಲ್ಲಿ ಯಾವ ವಾಹನ ಎಷ್ಟು ಜಾಗ ಹಿಡಿಯುತ್ತದೆ, ಹಿಂದಿನವರನ್ನು ಎಷ್ಟು ತಡೆಯುತ್ತದೆ ಎಂಬುದಷ್ಟೇ ಅದರ ಲೆಕ್ಕ. ಹೀಗಾಗಿ ಸೈಕಲ್ಲು ಹಾಳೆಯಲ್ಲಿ ಒಬ್ಬ ಮನುಷ್ಯನ ಪ್ರಯಾಣವಾಗಿ ದಾಖಲಾಗುವುದಿಲ್ಲ, ಅರ್ಧ ಕಾರಿನಷ್ಟು ಅಡಚಣೆಯಾಗಿ ದಾಖಲಾಗುತ್ತದೆ. ನಿಧಾನಗತಿಯ ವಾಹನ ಎಂಬ ಶೀರ್ಷಿಕೆಯಡಿ ಅದನ್ನು ಎತ್ತಿನ ಗಾಡಿ, ಕೈಗಾಡಿಗಳ ಜೊತೆ ಸೇರಿಸುತ್ತಾರೆ. ಅಡಚಣೆ ಹೆಚ್ಚಾಯಿತೆಂದರೆ ಕಡತ ಸೂಚಿಸುವ ಪರಿಹಾರ ರಸ್ತೆ ಅಗಲೀಕರಣ. ಆ ಹೆಚ್ಚುವರಿ ಅಗಲವೂ ಮೋಟಾರಿಗೇ ಹೋಗುತ್ತದೆ.

ಸರ್ಕಾರಕ್ಕೆ ಇದು ತಿಳಿಯದ ವಿಷಯವಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳೇ ವಾಹನಗಳಿಗಿಂತ ಜನರ ಚಲನೆ ಮುಖ್ಯ, ರಸ್ತೆಯ ಜಾಗವನ್ನು ಆ ಲೆಕ್ಕದಲ್ಲಿ ಹಂಚಬೇಕು ಎಂಬುದು. ನೀತಿ ಜನರ ಬಗ್ಗೆ ಮಾತಾಡುತ್ತದೆ, ಎಣಿಕೆಯ ಹಾಳೆ ಮಾತ್ರ ಕಾರಿನ ಮಾಪವನ್ನೇ ಹಿಡಿದಿದೆ. ಆದ್ದರಿಂದ ಡಿಪಿಆರ್ ಕೈಗೆ ಸಿಕ್ಕರೆ ಒಟ್ಟು ಪಿಸಿಯು ಎಷ್ಟು ಎಂಬ ಸಾಲಿಗೆ ನಿಲ್ಲದೆ, ವರ್ಗವಾರು ಎಣಿಕೆಯ ಮೂಲ ಹಾಳೆಗಳಿರುವ ಅನುಬಂಧಕ್ಕೆ ಹೋಗಬೇಕು. ಗಂಟೆಗೆ ಎಷ್ಟು ಸೈಕಲ್ಲು ಹಾದುಹೋದವು ಎಂಬುದು ಅಲ್ಲಿರುತ್ತದೆ. ಎಣಿಕೆಯ ದಿನಾಂಕವನ್ನೂ ನೋಡಬೇಕು. ಮೇ ತಿಂಗಳಲ್ಲಿ ಎಣಿಸಿದರೆ ಶಾಲೆಯ ಮಕ್ಕಳು ಲೆಕ್ಕಕ್ಕೆ ಸಿಗುವುದಿಲ್ಲ. ಬೆಳಿಗ್ಗೆ ಎಂಟರಿಂದ ಎಣಿಸಿದರೆ ಐದೂವರೆಗೆ ಹೊರಟ ಹಾಲಿನವನೂ ಪಾಳಿ ಮುಗಿಸಿ ಮನೆಗೆ ಮರಳುವ ಕಾವಲುಗಾರನೂ ತಪ್ಪಿಹೋಗುತ್ತಾರೆ.

ಪಾಲಿನ ಲೆಕ್ಕ

ಇನ್ನೊಂದು ಪದ ಮೋಡಲ್ ಶೇರ್, ಅಂದರೆ ಒಟ್ಟು ಪ್ರಯಾಣಗಳಲ್ಲಿ ಯಾವ ಸಾಧನದ ಪಾಲು ಎಷ್ಟು ಎಂಬುದು. ನಡಿಗೆ, ಸೈಕಲ್, ಬಸ್ಸು, ಬೈಕ್, ಕಾರು ಎಲ್ಲ ಕೂಡಿ ನೂರು. ನಗರ ಯೋಜನೆಯ ಕಡತಗಳಲ್ಲಿ ಸೈಕಲ್ ಪರವಾಗಿ ಹಣ ಕೇಳುವವರೂ ಬೇಡವೆನ್ನುವವರೂ ಇದೇ ಅಂಕಿಯನ್ನು ಹಿಡಿದು ವಾದಿಸುತ್ತಾರೆ. 2011ರ ಜನಗಣತಿಯಲ್ಲಿ ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಲಾಗಿತ್ತು. ದೇಶದ ಸುಮಾರು 20 ಕೋಟಿ ದುಡಿಯುವವರ ಉತ್ತರದಲ್ಲಿ ನಡೆದು ಹೋಗುವವರು ಶೇ 22.6, ಸೈಕಲ್ಲಿನವರು ಶೇ 13.1, ಮೋಟಾರು ದ್ವಿಚಕ್ರದವರು ಶೇ 12.7. ಆ ಹೊತ್ತಿಗೆ ಕೆಲಸಕ್ಕೆ ಬೈಕಿನಲ್ಲಿ ಹೋಗುವವರಿಗಿಂತ ಸೈಕಲ್ಲಿನಲ್ಲಿ ಹೋಗುವವರೇ ತುಸು ಹೆಚ್ಚಿದ್ದರು.

ಈ 20 ಕೋಟಿಯಲ್ಲಿ ಯಾರು ಬರುತ್ತಾರೆ ಎಂಬುದನ್ನೂ ಗಮನಿಸಬೇಕು. ಜನಗಣತಿ ಈ ಪ್ರಶ್ನೆ ಕೇಳಿದ್ದು ಇತರೆ ಕೆಲಸಗಾರರು ಎಂಬ ವರ್ಗಕ್ಕೆ ಮಾತ್ರ. ಸಾಗುವಳಿದಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು ಅದರಲ್ಲಿಲ್ಲ. ಶಾಲೆಗೆ ಹೋಗುವ ಮಕ್ಕಳಿಲ್ಲ, ಸಂತೆಗೂ ದವಾಖಾನೆಗೂ ಹೋಗುವ ಗೃಹಿಣಿಯರಿಲ್ಲ. ಔರಾದ್, ಭಾಲ್ಕಿಯಂಥ ಒಕ್ಕಲುತನದ ತಾಲ್ಲೂಕುಗಳಲ್ಲಿ ಹೊಲಕ್ಕೆ ಹೋಗುವ ಸೈಕಲ್ಲು ಈ ಲೆಕ್ಕದಲ್ಲಿ ಸೊನ್ನೆ. ಪಾಲು ಶೇ ಇಷ್ಟು ಎಂದು ಯಾರಾದರೂ ಹೇಳಿದರೆ, ಯಾರ ಪ್ರಯಾಣಗಳಲ್ಲಿ ಎಂದು ತಿರುಗಿ ಕೇಳುವುದು ಜಾಣತನ.

ಎಣಿಕೆಗೆ ಸಿಗುವುದೇ ಅಸಾಧ್ಯವಾದ ಇನ್ನೊಂದು ಗುಂಪಿದೆ. ಸೈಕಲ್ ತುಳಿಯಬೇಕೆಂದಿದ್ದೂ ಲಾರಿಗೆ ಹೆದರಿ ತುಳಿಯದವರು. ಯೋಜಕರು ಇದನ್ನು ಅದುಮಿಟ್ಟ ಬೇಡಿಕೆ ಎನ್ನುತ್ತಾರೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸೈಕಲ್ ಯೋಜಕ ರೋಜರ್ ಗೆಲ್ಲರ್ ಊರಿನ ಜನರನ್ನು ನಾಲ್ಕು ಗುಂಪು ಮಾಡಿದ್ದ: ಯಾವ ರಸ್ತೆಗೂ ಅಂಜದ ಗಟ್ಟಿಗರು, ಒಂದಿಷ್ಟು ಅನುಕೂಲವಿದ್ದರೆ ಉತ್ಸಾಹದಿಂದ ಬರುವವರು, ಆಸೆಯಿದ್ದೂ ಅಂಜುವವರು, ಏನು ಮಾಡಿದರೂ ಸೈಕಲ್ ಮುಟ್ಟದವರು. ಅವನ ಪ್ರಕಾರ ಅತಿ ದೊಡ್ಡದು ಮೂರನೆಯ ಗುಂಪು. ನಮ್ಮ ಕಡೆ ಈ ಪಟ್ಟಿಗೆ ಐದನೆಯದೊಂದನ್ನು ಸೇರಿಸಬೇಕು: ಅಂಜಿಕೆಯಿದ್ದೂ ಬೇರೆ ದಾರಿಯಿಲ್ಲದೆ ತುಳಿಯುವವರು. ಸಾರಿಗೆ ಶಾಸ್ತ್ರದಲ್ಲಿ ಇಂಥವರನ್ನು ಕ್ಯಾಪ್ಟಿವ್ ಬಳಕೆದಾರರು ಎಂದು ಕರೆಯುತ್ತಾರೆ. ಇವರು ಹೇಗಿದ್ದರೂ ತುಳಿಯುತ್ತಾರೆ ಎಂಬ ಕಾರಣಕ್ಕೆ ಇವರಿಗಾಗಿ ಏನೂ ಮಾಡಬೇಕಾಗಿಲ್ಲ ಎಂಬ ಉದಾಸೀನ ಕಡತಗಳಲ್ಲಿ ನುಸುಳುತ್ತದೆ. ಒಂದಿಷ್ಟು ರೊಕ್ಕ ಕೂಡಿದೊಡನೆ ಇವರು ಕಂತಿನ ಮೇಲೆ ಬೈಕ್ ಕೊಳ್ಳುತ್ತಾರೆ, ಸೈಕಲ್ಲಿನ ಪಾಲು ಇನ್ನಷ್ಟು ಇಳಿಯುತ್ತದೆ.

ಬಣ್ಣದ ಗೆರೆ, ಕಲ್ಲಿನ ಅಂಚು

ಸೈಕಲ್ ಲೇನ್, ಸೈಕಲ್ ಟ್ರ್ಯಾಕ್, ಸೈಕಲ್ ಪಾಥ್. ಉದ್ಘಾಟನಾ ಭಾಷಣಗಳಲ್ಲಿ ಮೂರೂ ಒಂದೇ, ಎಂಜಿನಿಯರನ ನಕಾಶೆಯಲ್ಲಿ ಬೇರೆ ಬೇರೆ. ವಾಹನಗಳು ಓಡುವ ಅದೇ ಡಾಂಬರಿನ ಮೇಲೆ ಬಣ್ಣದ ಗೆರೆ ಎಳೆದು ಬಿಟ್ಟುಕೊಟ್ಟ ಪಟ್ಟಿ ಲೇನ್. ಅಂಚುಗಲ್ಲು, ಎತ್ತರದ ವ್ಯತ್ಯಾಸ ಅಥವಾ ಗಿಡಗಳ ಸಾಲಿನಿಂದ ಪೂರ್ತಿ ಬೇರ್ಪಟ್ಟದ್ದು ಟ್ರ್ಯಾಕ್. ರಸ್ತೆಯ ಸಹವಾಸವೇ ಬೇಡವೆಂದು ಕೆರೆಯಂಚು, ಉದ್ಯಾನ, ನಾಲೆಯ ಬದಿಯಲ್ಲಿ ಹಾಯುವುದು ಪಾಥ್. ಲೇನಿಗೆ ಬೇಕಾದ ಖರ್ಚು ಬಣ್ಣದ್ದು, ಟ್ರ್ಯಾಕಿಗೆ ಕಟ್ಟಡದ್ದು, ಪಾಥಿಗೆ ಜಮೀನಿನದು. ಅಂದಾಜುಪಟ್ಟಿಯಲ್ಲಿ ಯಾವ ಪದ ಬಿದ್ದಿದೆ ಎಂಬುದರ ಮೇಲೆ ಸವಾರನ ಸುರಕ್ಷತೆ ನಿಂತಿದೆ.

ಬೆಂಗಳೂರಿನಲ್ಲಿ ಇದರ ಪಾಠ ಎರಡು ಸಲ ಆಗಿದೆ. 2010ರ ದಶಕದ ಆರಂಭದಲ್ಲಿ ಜಯನಗರದಲ್ಲಿ ಸೈಕಲ್ ಪಥಗಳನ್ನು ಗುರುತಿಸಲಾಯಿತು. ನಿಂತ ಕಾರುಗಳು ಅವನ್ನು ನುಂಗಿದವು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್–ಕೆ.ಆರ್. ಪುರ ನಡುವಿನ ಸುಮಾರು 17 ಕಿಲೋಮೀಟರಿನಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ತಾತ್ಕಾಲಿಕ ಲೇನ್ ಮಾಡಿತು. ಇಂಥದಕ್ಕೆ ಪಾಪ್-ಅಪ್ ಲೇನ್ ಎನ್ನುತ್ತಾರೆ. ಶಾಶ್ವತ ಕಾಮಗಾರಿಗೆ ಮೊದಲು ಕಡಿಮೆ ಖರ್ಚಿನಲ್ಲಿ ಪ್ರಯೋಗ ಮಾಡಿ ನೋಡುವ ವಿಧಾನ ಇದು. ಕೇಂದ್ರ ಸರ್ಕಾರದ ಇಂಡಿಯಾ ಸೈಕಲ್ಸ್ ಫಾರ್ ಚೇಂಜ್ ಸ್ಪರ್ಧೆಯಲ್ಲಿ ಗೆದ್ದ 11 ನಗರಗಳಲ್ಲಿ ಬೆಂಗಳೂರೂ ಒಂದಾಯಿತು. ಆದರೆ ಲೇನಿನೊಳಗೆ ಬೈಕುಗಳು ನುಗ್ಗಿದವು, ಮೆಟ್ರೊ ಕಾಮಗಾರಿ ಬಂದಾಗ ಉಳಿದದ್ದೂ ಅಳಿಸಿಹೋಯಿತು. ಸೈಕಲ್ಲಿಗೆ ಮೀಸಲಾದ ಪಥದಲ್ಲಿ ಮೋಟಾರು ವಾಹನ ಓಡಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಕಾವಲಿಲ್ಲದ ಬಣ್ಣದ ಗೆರೆಯನ್ನು ಯಾವ ನಿಯಮವೂ ಉಳಿಸಲಿಲ್ಲ.

ಟ್ರ್ಯಾಕ್ ಎಲ್ಲಿ ಬೇಕು ಎಂಬುದಕ್ಕೂ ಬರಹದ ಮಾನದಂಡವಿದೆ. ಐಆರ್‌ಸಿಯ 11ನೇ ಸಂಹಿತೆ ಮೊದಲು ಬಂದದ್ದು 1962ರಲ್ಲಿ. ದಟ್ಟಣೆಯ ಗಂಟೆಯಲ್ಲಿ 100ರಿಂದ 200 ಮೋಟಾರು ವಾಹನ ಓಡುವ ರಸ್ತೆಯಾದರೆ 400 ಸೈಕಲ್ಲು ಇದ್ದಾಗ ಪ್ರತ್ಯೇಕ ಟ್ರ್ಯಾಕ್ ಸಮರ್ಥನೀಯ ಎಂದು ಅದು ಹೇಳಿತ್ತು. ಮೋಟಾರು ವಾಹನ 200 ದಾಟಿದರೆ 100 ಸೈಕಲ್ಲೇ ಸಾಕು. ಅಗಲ ಕನಿಷ್ಠ ಎರಡು ಮೀಟರ್. 1962ರಲ್ಲಿ ಗಂಟೆಗೆ 200 ಮೋಟಾರು ಅಂದರೆ ದೊಡ್ಡ ಸಂಖ್ಯೆ. ಈಗ ಯಾವ ಜಿಲ್ಲಾ ಕೇಂದ್ರದ ಮುಖ್ಯ ರಸ್ತೆಯೂ ಅದನ್ನು ಸಲೀಸಾಗಿ ದಾಟುತ್ತದೆ. ಆದರೆ 100 ಸೈಕಲ್ಲು ಎಂಬ ಷರತ್ತಿನಲ್ಲಿ ಒಂದು ಸುಳಿಯಿದೆ. ಮೋಟಾರು ಹೆಚ್ಚಿದಷ್ಟೂ ಹೆದರಿ ಸೈಕಲ್ಲು ಕಡಿಮೆಯಾಗುತ್ತದೆ. ಕಡಿಮೆಯಾಯಿತೆಂದು ಟ್ರ್ಯಾಕ್ ಸಿಗುವುದಿಲ್ಲ. ಟ್ರ್ಯಾಕ್ ಇಲ್ಲವೆಂದು ಇನ್ನಷ್ಟು ಕಡಿಮೆಯಾಗುತ್ತದೆ. ಈ ಸಂಹಿತೆ 2015ರಲ್ಲಿ ಪರಿಷ್ಕರಣೆಯಾಗಿದೆ. ಹಳೆಯದನ್ನು ಇಲ್ಲಿ ವಿವರಿಸಿದ್ದು, ಎಂಜಿನಿಯರಿಂಗ್ ಅಭ್ಯಾಸದಲ್ಲಿ ಇಷ್ಟು ಸೈಕಲ್ಲಿದ್ದರೆ ಮಾತ್ರ ಟ್ರ್ಯಾಕ್ ಎಂಬ ಯೋಚನೆ ಇನ್ನೂ ಗಟ್ಟಿಯಾಗಿ ಕೂತಿರುವುದಕ್ಕೆ.

ಬೇರ್ಪಡಿಸುವುದೇ ಸರಿಯೇ ಎಂಬ ವಾದವೂ ಹಳೆಯದು. ಅಮೆರಿಕದ ಜಾನ್ ಫಾರೆಸ್ಟರ್ 1970ರ ದಶಕದಿಂದ ವೆಹಿಕ್ಯುಲರ್ ಸೈಕ್ಲಿಂಗ್ ಎಂಬ ವಾದ ಮಂಡಿಸಿದ. ಸೈಕಲ್ಲೂ ಒಂದು ವಾಹನ, ಸವಾರ ಕಾರಿನವನಂತೆಯೇ ರಸ್ತೆಯ ನಡುವೆ ಧೈರ್ಯವಾಗಿ ಓಡಿಸಲಿ, ಪ್ರತ್ಯೇಕ ಪಥ ಕೊಟ್ಟರೆ ಅವನನ್ನು ರಸ್ತೆಯಿಂದ ಹೊರಗಟ್ಟಿದಂತೆ ಎಂಬುದು ಅದರ ಸಾರ. ಇದೇ ಹೊತ್ತಿಗೆ ನೆದರ್‌ಲ್ಯಾಂಡ್ಸ್ ಬೇರೆ ದಾರಿ ಹಿಡಿಯಿತು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಮಕ್ಕಳ ಕೊಲೆ ನಿಲ್ಲಿಸಿ ಎಂದು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟು ಅವರ ಬೇಡಿಕೆಗೆ ಬಲ ಕೊಟ್ಟಿತು. ಅಲ್ಲಿ ಕಟ್ಟಿದ ಟ್ರ್ಯಾಕುಗಳ ಮೇಲೆ ಇಂದು ಮಕ್ಕಳೂ ಮುದುಕರೂ ತುಳಿಯುತ್ತಾರೆ. ಫಾರೆಸ್ಟರನ ಮಾತು ಗಟ್ಟಿಮುಟ್ಟಾದ ಅನುಭವಿ ಸವಾರನಿಗೆ ಸರಿ, ಎಂಟನೇ ತರಗತಿಯ ಹುಡುಗಿಗೆ ಅಲ್ಲ.

ನಮ್ಮ ಊರಿಗೆ ಎರಡರಲ್ಲೂ ಒಂದೊಂದು ಪಾಲು ಬೇಕು. ನಿರ್ಧರಿಸಬೇಕಾದ ಅಂಶ ವೇಗದ ವ್ಯತ್ಯಾಸ. ಮಹಮೂದ್ ಗವಾನ್ ಮದರಸಾ, ಚೌಬಾರಾ ಸುತ್ತಲಿನ ಹಳೇ ಗಲ್ಲಿಗಳಲ್ಲಿ ಯಾವ ವಾಹನವೂ ಜೋರಾಗಿ ಓಡಲಾರದು. ಅಲ್ಲಿ ಟ್ರ್ಯಾಕ್ ಬೇಡ, ಎಲ್ಲರೂ ಸೇರಿ ಓಡಾಡಬಹುದು. ನೌಬಾದದಾಚೆ ಲಾರಿ ಅರವತ್ತರ ಮೇಲೆ ಓಡುವಲ್ಲಿ ಹನ್ನೆರಡರ ವೇಗದ ಸೈಕಲ್ಲನ್ನು ಅದರ ಜೊತೆ ಬಿಡುವುದು ಅಪಾಯ. ಅಲ್ಲಿ ಕಲ್ಲಿನ ಅಂಚು ಬೇಕೇ ಬೇಕು.

ಮಗ್ಗುಲಿನ ಮಣ್ಣು

ಊರಿನ ಅಂಚನ್ನೂ ದಾಟಿ ಹಳ್ಳಿಗಳ ಕಡೆ ಹೋದರೆ ಟ್ರ್ಯಾಕಿನ ಮಾತು ಬರುವುದಿಲ್ಲ. ಅಲ್ಲಿ ತಿಳಿಯಬೇಕಾದ ಪದ ಪೇವ್ಡ್ ಶೋಲ್ಡರ್, ಅಂದರೆ ಡಾಂಬರು ಹಾಕಿದ ರಸ್ತೆಯ ಮಗ್ಗುಲು. ಎರಡು ಪಥದ ಹೆದ್ದಾರಿಯಲ್ಲಿ ಸಾಮಾನ್ಯವಾಗಿ ಏಳು ಮೀಟರ್ ಮುಖ್ಯ ಡಾಂಬರು, ಅದರ ಎರಡೂ ಬದಿಗೆ ಒಂದೂವರೆ ಮೀಟರ್ ಮಗ್ಗುಲು ಇರುತ್ತದೆ. ಕೆಟ್ಟು ನಿಂತ ವಾಹನಕ್ಕೆಂದು ಮಾಡಿದ ಈ ಪಟ್ಟಿಯೇ ಹಳ್ಳಿಯ ಸೈಕಲ್ಲಿಗೆ ಆಸರೆ. ಜಿಲ್ಲಾ ರಸ್ತೆಗಳಲ್ಲಿ ಅದೂ ಇರುವುದಿಲ್ಲ, ಬರೀ ಮಣ್ಣು. ರಸ್ತೆಗೆ ಮೇಲಿಂದ ಮೇಲೆ ಡಾಂಬರು ಹಾಕಿ ಹಾಕಿ, ಮಣ್ಣು ಮಳೆಗೆ ಕೊಚ್ಚಿ, ಎರಡರ ನಡುವೆ ಗೇಣುದ್ದದ ಮೆಟ್ಟಿಲು ಏಳುತ್ತದೆ. ಎಂಜಿನಿಯರುಗಳು ಇದನ್ನು ಎಡ್ಜ್ ಡ್ರಾಪ್ ಎನ್ನುತ್ತಾರೆ. ಹಿಂದಿನಿಂದ ಹಾರ್ನ್ ಕೇಳಿ ಸೈಕಲ್ಲಿನವನು ಕೆಳಗಿಳಿದರೆ ಚಕ್ರ ಜಾರುತ್ತದೆ, ಮತ್ತೆ ಹತ್ತಲು ಹೋದರೆ ರಸ್ತೆಯ ಕಡೆಗೇ ಬೀಳುತ್ತಾನೆ.

ರಾಶಿಯ ಕಾಲದಲ್ಲಿ ಮಗ್ಗುಲಿಗೆ ಇನ್ನೊಂದು ಹಕ್ಕುದಾರಿಕೆ ಬರುತ್ತದೆ. ಸೋಯಾ, ಉದ್ದು, ತೊಗರಿಗೆ ಒಣ ಕಣ ಸಿಗದ ರೈತ ರಸ್ತೆಯಂಚಿನಲ್ಲೇ ಹರವುತ್ತಾನೆ. ಅವನಿಗೆ ಬೈದು ಪ್ರಯೋಜನವಿಲ್ಲ, ಊರಿಗೊಂದು ಒಕ್ಕಣೆ ಕಣ ಇದ್ದರೆ ಸೈಕಲ್ಲಿನ ದಾರಿಯೂ ತೆರವಾಗುತ್ತದೆ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಹಿಂದೀಪವಿಲ್ಲದ ಟ್ರೇಲರ್ ರಾತ್ರಿ ಅದೇ ಅಂಚಿನಲ್ಲಿ ನಿಂತಿರುತ್ತದೆ. ಭಾಲ್ಕಿ, ಔರಾದ್ ರಸ್ತೆಗಳಲ್ಲಿ ಸೈಕಲ್ ಸುರಕ್ಷತೆ ಎಂದರೆ ಹೆಲ್ಮೆಟ್ ಭಾಷಣಕ್ಕಿಂತ ಮೊದಲು ಸಮತಟ್ಟಾದ ಮಗ್ಗುಲು, ಟ್ರೇಲರಿಗೆ ಪ್ರತಿಫಲಕ, ಹಳ್ಳಿಯ ಬಳಿ ದೀಪ.

ವೇಗ ಮತ್ತು ಕೂಡುರಸ್ತೆ

ಟ್ರಾಫಿಕ್ ಕಾಮಿಂಗ್, ಅಂದರೆ ರಸ್ತೆಯ ರಚನೆಯಿಂದಲೇ ವೇಗ ತಗ್ಗಿಸುವುದು. ಫಲಕ ಹಾಕಿದರೆ ಯಾರೂ ನಿಧಾನ ಮಾಡುವುದಿಲ್ಲ, ರಸ್ತೆಯ ಅಗಲವೂ ತಿರುವೂ ನಿಧಾನ ಮಾಡಿಸಬೇಕು ಎಂಬುದು ಇದರ ತತ್ವ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದಕ್ಕಾಗಿಯೇ ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ನಡೆಯುವವರೂ ಸೈಕಲ್ಲಿನವರೂ ವಾಹನಗಳೊಡನೆ ಬೆರೆಯುವಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ ಕೇಳಿತು. ನಮ್ಮಲ್ಲಿ ಟ್ರಾಫಿಕ್ ಕಾಮಿಂಗ್ ಅಂದರೆ ರಸ್ತೆ ಉಬ್ಬು ಒಂದೇ. ಅದಕ್ಕೂ ಅಳತೆಯಿದೆ. ಐಆರ್‌ಸಿಯ 1988ರ ಸಂಹಿತೆಯಲ್ಲಿ ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ದಾಟುವ ವೇಗ ಗಂಟೆಗೆ 25 ಕಿಲೋಮೀಟರ್. ಗಲ್ಲಿಯವರು ರಾತ್ರೋರಾತ್ರಿ ಕಟ್ಟುವ ಅರ್ಧ ಅಡಿ ಅಗಲದ ಚೂಪು ಉಬ್ಬು ಜೀಪಿಗೆ ಏನೂ ಮಾಡುವುದಿಲ್ಲ, ಕ್ಯಾರಿಯರಿನಲ್ಲಿ ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲನ್ನು ಕೆಡವುತ್ತದೆ.

ಇನ್ನು ಡಿವೈಡರ್. ನಾಲ್ಕು ಪಥದ ರಸ್ತೆಯ ನಡುವೆ ಉದ್ದಕ್ಕೂ ಡಿವೈಡರ್ ಕಟ್ಟಿ ದೂರ ದೂರದಲ್ಲಿ ಮಾತ್ರ ತೆರಪು ಬಿಟ್ಟರೆ, ಎದುರುಬದಿಯ ಅಂಗಡಿಗೆ ಹೋಗಲು ಸೈಕಲ್ಲಿನವನು ಒಂದು ಕಿಲೋಮೀಟರ್ ಸುತ್ತಬೇಕಾಗುತ್ತದೆ. ಕಾರಿನವನಿಗೆ ಅದು ಒಂದು ನಿಮಿಷ, ಇವನಿಗೆ ಐದು ನಿಮಿಷ ಮತ್ತು ಬೆವರು. ಇವನು ಸುತ್ತುವುದಿಲ್ಲ, ರಾಂಗ್ ಸೈಡಿನಲ್ಲಿ ಬರುತ್ತಾನೆ. ಜನರ ಕಾಲು, ಚಕ್ರ ಸಹಜವಾಗಿ ಆರಿಸುವ ದಾರಿಗೆ ಯೋಜಕರು ಡಿಸೈರ್ ಲೈನ್ ಎನ್ನುತ್ತಾರೆ. ರಾಂಗ್ ಸೈಡ್ ಸವಾರಿ ಹೆಚ್ಚಿರುವ ಕಡೆ ತಪ್ಪು ಸವಾರನದೋ ನಕಾಶೆಯದೋ ಎಂದು ಪರೀಕ್ಷಿಸಲು ಈ ಪದ ಉಪಯೋಗಕ್ಕೆ ಬರುತ್ತದೆ. ದಂಡ ಹಾಕುವ ಮೊದಲು ತೆರಪು ಎಲ್ಲಿದೆ ಎಂದು ಅಳೆಯಬೇಕು.

ಕೂಡುರಸ್ತೆಯಲ್ಲಿ ದೊಡ್ಡ ಅಪಾಯ ಎಡತಿರುವಿನದು. ನೇರ ಹೋಗುವ ಸೈಕಲ್ಲಿನ ಬಲಕ್ಕೆ ಬಂದ ಲಾರಿ ತಟ್ಟನೆ ಎಡಕ್ಕೆ ಹೊರಳುತ್ತದೆ. ಎತ್ತರದ ಕ್ಯಾಬಿನ್ನಿನಲ್ಲಿ ಕೂತ ಚಾಲಕನಿಗೆ ಎಡಬದಿಯ ತಗ್ಗು ಕಾಣುವುದೇ ಇಲ್ಲ. ಆ ಜಾಗಕ್ಕೆ ಬ್ಲೈಂಡ್ ಸ್ಪಾಟ್ ಎಂದು ಹೆಸರು. ಪರಿಹಾರಗಳು ನಕಾಶೆಯಲ್ಲೇ ಇವೆ. ಸಿಗ್ನಲ್ಲಿನಲ್ಲಿ ಕಾರುಗಳ ಗೆರೆಯ ಮುಂದೆ ಸೈಕಲ್ಲಿಗೆ ಬಿಡುವ ಜಾಗ ಸೈಕಲ್ ಬಾಕ್ಸ್. ಅಲ್ಲಿ ನಿಂತವನು ಎಲ್ಲರಿಗೂ ಕಾಣುತ್ತಾನೆ. ಮೂಲೆಯ ತ್ರಿಜ್ಯ, ಅಂದರೆ ತಿರುವಿನ ದುಂಡಗಿನ ಅಳತೆ ಚಿಕ್ಕದಾದಷ್ಟೂ ಲಾರಿ ನಿಧಾನವಾಗಿ ಹೊರಳಬೇಕಾಗುತ್ತದೆ. ರಸ್ತೆ ಅಗಲೀಕರಣದಲ್ಲಿ ಎಲ್ಲರೂ ಮೂಲೆಯನ್ನು ಸವರಿ ದೊಡ್ಡದು ಮಾಡುತ್ತಾರೆ, ಟ್ರಾಫಿಕ್ ಸಲೀಸಾಯಿತೆಂದು ಹಿಗ್ಗುತ್ತಾರೆ. ಸಲೀಸಾದದ್ದು ವೇಗ. ಬೀದರಿನ ಹಳಬರು ನಾಲ್ಕು ದಾರಿ ಕೂಡುವಲ್ಲಿ 71 ಅಡಿಯ ಚೌಬಾರಾ ಕಟ್ಟಿದ್ದು ಕಾವಲಿಗಾಗಿ. ಆದರೆ ಇವತ್ತಿಗೂ ಅದನ್ನು ಬಳಸಿಕೊಂಡೇ ಹೋಗಬೇಕಾದ್ದರಿಂದ ಅಲ್ಲಿ ಯಾವ ಚಾಲಕನೂ ವೇಗ ಹಿಡಿಯಲಾರ.

ಕೆಲಸದ ಸವಾರಿ, ವಿಹಾರದ ಸವಾರಿ

ಸೈಕಲ್ ಯೋಜನೆ ಎಂದೊಡನೆ ನಮ್ಮ ಆಡಳಿತಕ್ಕೆ ಹೊಳೆಯುವುದು ಉದ್ಯಾನದ ಸುತ್ತ ಬಣ್ಣ ಬಣ್ಣದ ಪಥ. ಇದು ವಿಹಾರದ ಸವಾರಿ. ಅದಕ್ಕೂ ಬೆಲೆಯಿದೆ. ನೌಬಾದದಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿಯ ಸುರಂಗದಲ್ಲಿ ನೀರು ತರುವ ಈ ವ್ಯವಸ್ಥೆಯ ಮೇಲೆ ಸಾಲಾಗಿ ಗಾಳಿಬಾವಿಗಳಿವೆ. ಆ ಸಾಲನ್ನು ಹಿಡಿದು, ಹಳೇ ಊರು ಹಾದು, ಅಷ್ಟೂರಿನ ಬಹಮನಿ ಗೋರಿಗಳವರೆಗೆ ಒಂದು ಸೈಕಲ್ ದಾರಿ ಮಾಡಿದರೆ ಪ್ರವಾಸಿಗರೂ ಬರುತ್ತಾರೆ, ಗಾಳಿಬಾವಿಗಳ ಮೇಲೆ ಲೇಔಟ್ ಏಳುವುದೂ ತಪ್ಪುತ್ತದೆ. ಆದರೆ ಅದರಿಂದ ಗೌಂಡಿಯ ಬೆಳಗಿನ ದಾರಿ ಸುಧಾರಿಸುವುದಿಲ್ಲ. ಕೆಲಸದ ಸವಾರಿಗೆ ಪಥ ಮುಖ್ಯರಸ್ತೆಯಲ್ಲೇ ಬೇಕು, ಮನೆಯಿಂದ ಕೆಲಸದವರೆಗೆ ಎಲ್ಲೂ ತುಂಡಾಗಬಾರದು, ತುದಿಯಲ್ಲಿ ಬೀಗ ಹಾಕಿ ನಿಲ್ಲಿಸಲು ನೆರಳಿನ ಸ್ಟ್ಯಾಂಡ್ ಇರಬೇಕು. ಎರಡನ್ನೂ ಒಂದೇ ಸೇರಿನಲ್ಲಿ ಹಾಲು, ಜೋಳ ಅಳೆದಂತೆ ಒಂದೇ ಅಂಕಿಯಲ್ಲಿ, ಇಷ್ಟು ಕಿಲೋಮೀಟರ್ ಸೈಕಲ್ ಪಥ ಎಂದು ವರದಿ ಮಾಡುವುದು ದಾರಿ ತಪ್ಪಿಸುತ್ತದೆ.

ಬಾಡಿಗೆ ಸೈಕಲ್ಲಿನದೂ ಇದೇ ಕಥೆ. ಮೈಸೂರಿನ ಟ್ರಿನ್ ಟ್ರಿನ್ 2017ರ ಜೂನ್‌ನಲ್ಲಿ 450 ಸೈಕಲ್ಲು, 48 ನಿಲ್ದಾಣಗಳೊಂದಿಗೆ ಆರಂಭವಾಯಿತು. ಒಂದು ನಿಲ್ದಾಣದಲ್ಲಿ ತೆಗೆದು ಇನ್ನೊಂದರಲ್ಲಿ ಬಿಡುವ ಈ ಪದ್ಧತಿಗೆ ಡಾಕ್ ಇರುವ ಹಂಚಿಕೆ ಎನ್ನುತ್ತಾರೆ. ನಿಲ್ದಾಣಗಳು ಹತ್ತಿರ ಹತ್ತಿರ ಇರಬೇಕು, ಒಂದು ಕಡೆ ಗುಡ್ಡೆ ಬಿದ್ದ ಸೈಕಲ್ಲನ್ನು ದಿನವೂ ಸಾಗಿಸಿ ಮರುಹಂಚಿಕೆ ಮಾಡಬೇಕು. ಹುಬ್ಬಳ್ಳಿ-ಧಾರವಾಡ, ದಾವಣಗೆರೆಗಳಲ್ಲೂ ಹಂಚಿಕೆ ಸೈಕಲ್ಲು ಬಂತು. ಅಲ್ಲಿನ ಇಂಥ ಯೋಜನೆಗಳಿಗೆ ಸ್ಮಾರ್ಟ್ ಸಿಟಿ ಬಾಗಿಲಾಯಿತು. ರಾಜ್ಯದ ಏಳು ಸ್ಮಾರ್ಟ್ ಸಿಟಿಗಳಲ್ಲಿ ಕಲ್ಯಾಣ ಕರ್ನಾಟಕದ್ದು ಒಂದೂ ಇರಲಿಲ್ಲ. ಆದರೆ ಬೀದರಿಗೆ ಬೇಕಾದದ್ದೂ ಅದಲ್ಲ. ಸ್ವಂತ ಸೈಕಲ್ಲು ಇರುವ ಊರಿಗೆ ಕೊರತೆ ಸೈಕಲ್ಲಿನದಲ್ಲ, ದಾರಿಯದು.

ಸ್ವಂತ ಸೈಕಲ್ಲು ಏನು ಮಾಡಬಲ್ಲದು ಎಂಬುದಕ್ಕೆ ಉತ್ತಮ ಸಾಕ್ಷಿ ಶಾಲೆಯ ಸೈಕಲ್ಲು. ಕರ್ನಾಟಕ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಅದೇ 2006ರಲ್ಲಿ ಬಿಹಾರ ಶುರು ಮಾಡಿದ ಹುಡುಗಿಯರ ಸೈಕಲ್ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಹುಡುಗಿಯರ ದಾಖಲಾತಿ ಶೇ 32ರಷ್ಟು ಹೆಚ್ಚಿತ್ತು, ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಕುಗ್ಗಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲಿ ಪರಿಣಾಮ ಹೆಚ್ಚು. ಯೋಜಕರು ಮೊಬಿಲಿಟಿ ಮತ್ತು ಆಕ್ಸೆಸ್ ಎಂದು ಎರಡು ಪದ ಬಳಸುತ್ತಾರೆ. ಮೊದಲನೆಯದು ಎಷ್ಟು ದೂರ, ಎಷ್ಟು ಬೇಗ ಹೋದಿರಿ ಎಂಬುದು. ಎರಡನೆಯದು ಹೋಗಬೇಕಾದ ಜಾಗಕ್ಕೆ ತಲುಪಿದಿರಾ ಎಂಬುದು. ಶಾಲೆಯ ಸೈಕಲ್ಲು ಹುಡುಗಿಗೆ ಕೊಟ್ಟದ್ದು ಎರಡನೆಯದನ್ನು. ಗುಂಪಾಗಿ ಹೋಗುವ ಮಕ್ಕಳಿಗೆ ಇನ್ನೊಂದು ಲಾಭವಿದೆ. ಸಂಶೋಧಕ ಪೀಟರ್ ಜೇಕಬ್ಸನ್ 2003ರಲ್ಲಿ ತೋರಿಸಿದಂತೆ ಸೈಕಲ್ಲಿನವರ ಸಂಖ್ಯೆ ಇಮ್ಮಡಿಯಾದರೆ ಅಪಘಾತ ಇಮ್ಮಡಿಯಾಗುವುದಿಲ್ಲ, ಮೂರನೇ ಒಂದು ಪಾಲಿನಷ್ಟು ಮಾತ್ರ ಏರುತ್ತದೆ. ಅಂದರೆ ಒಬ್ಬೊಬ್ಬರ ಅಪಾಯ ಇಳಿಯುತ್ತದೆ. ಇದನ್ನು ಸಂಖ್ಯೆಯ ಸುರಕ್ಷತೆ ಎನ್ನುತ್ತಾರೆ.

ಕೇಳಬೇಕಾದದ್ದು

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ, ಲೋಕೋಪಯೋಗಿ ಇಲಾಖೆಯ ಹಣದಲ್ಲಿ ಬೀದರ್ ಜಿಲ್ಲೆಯಲ್ಲಿ ರಸ್ತೆ ಕೆಲಸ ಆಗುತ್ತಲೇ ಇರುತ್ತದೆ. ಸೈಕಲ್ಲಿಗೆ ಬೇರೆ ಯೋಜನೆ, ಬೇರೆ ಅನುದಾನ ಬೇಕೆಂದು ಕಾಯುವ ಅಗತ್ಯವಿಲ್ಲ. ಹೇಗಿದ್ದರೂ ಆಗುವ ರಸ್ತೆಯ ನಕಾಶೆಯಲ್ಲೇ ಅದಕ್ಕೆ ಜಾಗ ತೆಗೆಯಬೇಕು. ಚರಂಡಿ ಕಟ್ಟುವಾಗಲೇ ಅಂಚುಗಲ್ಲು ಎರಡು ಮೀಟರ್ ಒಳಗೆ ಕೂರಿಸಿದರೆ ತಗಲುವ ಹೆಚ್ಚುವರಿ ಖರ್ಚು ಅಲ್ಪ. ರಸ್ತೆ ಮುಗಿದ ಮೇಲೆ ಒಡೆದು ಕಟ್ಟುವುದೆಂದರೆ ಎರಡನೇ ಟೆಂಡರ್.

ಡಿಪಿಆರ್ ಸಾರ್ವಜನಿಕ ದಾಖಲೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರಾದರೂ ಅದರ ಪ್ರತಿ ಕೇಳಬಹುದು. ಕೇಳುವಾಗ ಕಾಮಗಾರಿಯ ವಿವರ ಕೊಡಿ ಎಂದು ಬರೆದರೆ ಮೊತ್ತ ಮತ್ತು ಗುತ್ತಿಗೆದಾರನ ಹೆಸರು ಸಿಗುತ್ತದೆ, ಅಷ್ಟೇ. ಪದ ಗೊತ್ತಿದ್ದವರು ಹೀಗೆ ಕೇಳುತ್ತಾರೆ: ವರ್ಗವಾರು ವಾಹನ ಎಣಿಕೆಯ ಮೂಲ ಹಾಳೆಗಳನ್ನು ಕೊಡಿ. ರಸ್ತೆಯ ಅಡ್ಡಕೊಯ್ತದ ನಕಾಶೆ ಕೊಡಿ. ಅಡ್ಡಕೊಯ್ತ ಅಂದರೆ ರಸ್ತೆಯನ್ನು ಅಡ್ಡಲಾಗಿ ಕೊಯ್ದು ತೋರಿಸುವ ಚಿತ್ರ, ಯಾರಿಗೆ ಎಷ್ಟು ಮೀಟರ್ ಎಂಬುದು ಅದೊಂದೇ ಹಾಳೆಯಲ್ಲಿ ಕಾಣುತ್ತದೆ. ಡಿವೈಡರಿನ ತೆರಪುಗಳ ನಡುವಿನ ದೂರ ಎಷ್ಟು? ಕೂಡುರಸ್ತೆಯ ಮೂಲೆಯ ತ್ರಿಜ್ಯ ಎಷ್ಟು? ವಿನ್ಯಾಸದ ವೇಗ ಎಷ್ಟು? ಮಗ್ಗುಲಿಗೆ ಡಾಂಬರು ಉಂಟೋ ಇಲ್ಲವೋ? ಇಂಥ ಪ್ರಶ್ನೆಗೆ ಪರಿಶೀಲಿಸಲಾಗುವುದು ಎಂಬ ಉತ್ತರ ಸಾಲದು, ಅಂಕಿಯನ್ನೇ ಕೊಡಬೇಕಾಗುತ್ತದೆ. ಅಂಕಿ ಸಿಕ್ಕ ಮೇಲೆ ಅದನ್ನು ಐಆರ್‌ಸಿಯ ಅಂಕಿಯ ಪಕ್ಕ ಇಟ್ಟು ತಾಳೆ ನೋಡಬಹುದು.

ನಡೆಯುವವರ ಮತ್ತು ಸೈಕಲ್ಲಿನವರ ಹಕ್ಕನ್ನು ಕಾನೂನಾಗಿಸಲು ನಗರ ಭೂ ಸಾರಿಗೆ ನಿರ್ದೇಶನಾಲಯ 2021ರಲ್ಲಿ ಕರ್ನಾಟಕ ಸಕ್ರಿಯ ಚಲನಶೀಲತೆ ಮಸೂದೆಯ ಕರಡು ಸಿದ್ಧಪಡಿಸಿತ್ತು. ಅಂಥ ಕಾನೂನು ಬಂದರೆ ಒಳ್ಳೆಯದು. ಆದರೆ ನೌಬಾದದ ಮುಂದಿನ ರಸ್ತೆ ಅದಕ್ಕಾಗಿ ಕಾಯುವುದಿಲ್ಲ. ಅದರ ಎಣಿಕೆಗೆ ಜನ ಕ್ಲಿಪ್‌ಬೋರ್ಡ್ ಹಿಡಿದು ಬಂದು ನಿಂತಾಗಲೇ ಯಾವ ಗಂಟೆಯಿಂದ ಎಣಿಸುತ್ತೀರಿ, ಸೈಕಲ್ಲಿನ ಕಾಲಂ ಎಲ್ಲಿದೆ ಎಂದು ಊರಿನವರು ಕೇಳಲಿ. ಜೆಸಿಬಿ ಬಂದ ದಿನ ನೂರು ಜನ ಸೇರಿ ಮಾಡುವ ಧರಣಿಗಿಂತ ಎಣಿಕೆಯ ದಿನ ಒಬ್ಬರು ಕೇಳುವ ಈ ಪ್ರಶ್ನೆ ಹೆಚ್ಚು ಜಾಗ ಗೆಲ್ಲಬಲ್ಲದು.